ಕ್ಯಾಂಪಸ್ ಕ್ಯಾಂಟೀನಿನ ಟೆಂಡರು: ಆಡಳಿತ ಮಂಡಳಿ ತೀರ್ಮಾನ ಮಾಡುವುದು ಯಾವ ಹಂತದಲ್ಲಿ?

ಪೆರ್ಲದ ವಿದ್ಯಾರ್ಥಿನಿ:
ಎಲ್ಲರಿಗೂ ನಮಸ್ಕಾರ. ನಮ್ಮ ಕಾಸರಗೋಡು ಜಿಲ್ಲೆಯ ಒಂದು ಸಾರ್ವಜನಿಕ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಎಂ.ಎ. ಓದುತ್ತಿದ್ದೇನೆ. ಯಾವುದು ಎಂದು ಹೇಳುವುದಿಲ್ಲ, ಯಾರನ್ನೂ ದೂರಲಿಕ್ಕೆ ಬರೆಯುತ್ತಿಲ್ಲ. ವಿಷಯ ಅರ್ಥ ಮಾಡಿಕೊಳ್ಳಬೇಕು, ಅಷ್ಟೆ.

ಕಳೆದ ವರ್ಷದವರೆಗೆ ನಮ್ಮ ಕ್ಯಾಂಟೀನನ್ನು ಹತ್ತಿರದ ಕುಟುಂಬಶ್ರೀ (ಕೇರಳ ಸರಕಾರದ ಮಹಿಳಾ ಸ್ವಸಹಾಯ ಯೋಜನೆ) ಘಟಕದ ಹೆಂಗಸರು ನಡೆಸುತ್ತಿದ್ದರು. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಒಂದು ಸಾರು, ಒಂದು ಪಲ್ಯ, ಉಪ್ಪಿನಕಾಯಿ. ಮೀನು ಬೇಕಾದವರಿಗೆ ಬೇರೆ ದುಡ್ಡು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬಸ್ಸು ಹಿಡಿದು ಬರುವವರಿಗೆ ಹತ್ತು ಗಂಟೆಯವರೆಗೆ ಗಂಜಿ, ಚಟ್ನಿ ಸಿಗುತ್ತಿತ್ತು. ಈ ವರ್ಷ ಟೆಂಡರ್ ಆಗಿ ಜಿಲ್ಲೆಯ ಹೊರಗಿನ ಕಂಪೆನಿಯೊಂದಕ್ಕೆ ಹೋಯಿತು. ಊಟದ ದರ ಏರಿತು, ಗಂಜಿ ನಿಂತಿತು. ನನ್ನ ಜತೆ ಓದುವ ಕೆಲವರು ಈಗ ಮಧ್ಯಾಹ್ನ ಒಂದು ಚಾ, ಎರಡು ಪಳಂಪೊರಿಯಲ್ಲಿ (ಬಾಳೆಹಣ್ಣಿನ ಪೋಡಿ) ಮುಗಿಸುತ್ತಾರೆ.

ಕಛೇರಿಯಲ್ಲಿ ಕೇಳಿದರೆ "ಅದು ಬೋರ್ಡಿನ ತೀರ್ಮಾನ" ಎಂದರು. ಬೋರ್ಡಿನ ಮಿನಿಟ್ಸ್ ಹುಡುಕಿ ಓದಿದೆ. ಪುಟಗಟ್ಟಲೆ ಇದೆ. ಕ್ಯಾಂಟೀನಿನ ಬಗ್ಗೆ ಇರುವುದು ಒಂದೇ ಸಾಲು: ವಿಸಿಯವರು (ಕುಲಪತಿ) ಕೈಗೊಂಡ ಕ್ರಮವನ್ನು ಸಭೆ ಸ್ಥಿರೀಕರಿಸಿತು. ಬೇರೆ ದಾರಿ ಇತ್ತೇ, ದರದ ಬಗ್ಗೆ ಯಾರಾದರೂ ಕೇಳಿದರೇ, ವಿದ್ಯಾರ್ಥಿಗಳ ಅಭಿಪ್ರಾಯ ಮುಂದಿಟ್ಟರೇ, ಒಂದೂ ಇಲ್ಲ. ಇಷ್ಟು ದೊಡ್ಡ ಮಂಡಳಿ ಇಂಥ ವ್ಯವಹಾರದ ವಿಷಯಗಳನ್ನು ಹೀಗೆಯೇ ಮುಗಿಸುವುದೇ? ಗೊತ್ತಿದ್ದವರು ದಯವಿಟ್ಟು ಬರೆಯಿರಿ.

ಹೊಸಂಗಡಿಯವ:
ಎಲ್ಲ ಕಡೆಯೂ ಹೀಗೆಯೇ ತಂಗಿ. ನಾವು ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಓದುವಾಗಲೂ ಹಾಸ್ಟೆಲ್ ಮೆಸ್ಸಿನ ವಿಷಯ ಎಲ್ಲಿ ತೀರ್ಮಾನ ಆಗುತ್ತದೆ ಎಂದು ಒಬ್ಬರಿಗೂ ಗೊತ್ತಿರಲಿಲ್ಲ. ನೋಟೀಸ್ ಬೋರ್ಡಿಗೆ ಬಂದ ಮೇಲೆಯೇ ಸುದ್ದಿ.

ಕುಂಬಳೆಯ ನಿವೃತ್ತ ಸೆಕ್ಷನ್ ಆಫೀಸರ್:
ಮಗಳೇ, ನೀನು ಮಿನಿಟ್ಸ್ ಓದಿದ್ದು ಸಂತೋಷ. ಓದುವವರೇ ಇಲ್ಲ. ನಾನು ಒಂದು ವಿಶ್ವವಿದ್ಯಾಲಯದಲ್ಲಿ ಮಂಡಳಿ ಸಭೆಗೆ ಅಜೆಂಡಾ ಸಿದ್ಧಮಾಡುವ ಸೆಕ್ಷನ್ನಿನಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವ. ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮ ಜಿಲ್ಲೆಗೆ ಸಂಬಂಧಪಟ್ಟಂತೆ ಎರಡು ನಮೂನೆಯ ಆಡಳಿತ ಉಂಟು. ಕಣ್ಣೂರು ವಿಶ್ವವಿದ್ಯಾಲಯ 1996ರ ಕೇರಳ ಕಾಯ್ದೆಯಲ್ಲಿ ಹುಟ್ಟಿದ್ದು. ಅಲ್ಲಿ ರಾಜ್ಯಪಾಲರು ಕುಲಾಧಿಪತಿ, ಮೇಲೆ ಸೆನೆಟ್, ಆಡಳಿತ ನಡೆಸುವುದು ಸಿಂಡಿಕೇಟ್. ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ 2009ರ ಕೇಂದ್ರ ಕಾಯ್ದೆಯದ್ದು. ಅಲ್ಲಿ ಮೇಲಿನ ಸ್ಥಾನ ರಾಷ್ಟ್ರಪತಿಯವರದ್ದು. ಹಣ, ಆಸ್ತಿ, ಕಟ್ಟಡ, ಕರಾರು ಎಲ್ಲವೂ ಎಕ್ಸಿಕ್ಯೂಟಿವ್ ಕೌನ್ಸಿಲಿನ ಕೈಯಲ್ಲಿ. ಕರಾರು ಮಾಡುವುದು, ಬದಲಿಸುವುದು, ರದ್ದು ಮಾಡುವುದು ಎಲ್ಲ ಅದರ ಅಧಿಕಾರ ಎಂದು ಆ ಕಾಯ್ದೆಯ ಜತೆಗಿರುವ ಪರಿನಿಯಮಗಳಲ್ಲೇ ಬರೆದಿದೆ. ಹಣಕಾಸು ಸಮಿತಿ ವರ್ಷಕ್ಕೆ ಕನಿಷ್ಠ 3 ಸಲ ಸೇರಿ ಲೆಕ್ಕಪತ್ರ, ಖರ್ಚಿನ ಪ್ರಸ್ತಾಪಗಳನ್ನು ನೋಡಬೇಕು ಎಂದೂ ಉಂಟು. ಕಾಗದದಲ್ಲಿ ಏನೂ ಕೊರತೆಯಿಲ್ಲ.

ನಿನ್ನ ಆ ಒಂದು ಸಾಲು ಎಲ್ಲಿಂದ ಬಂತು ಎಂದರೆ, ತುರ್ತು ಸಂದರ್ಭದಲ್ಲಿ ಮಂಡಳಿಯ ಅಧಿಕಾರವನ್ನು ವಿಸಿ ತಾನೇ ಚಲಾಯಿಸಬಹುದು, ಮುಂದಿನ ಸಭೆಗೆ ವರದಿ ಮಾಡಬೇಕು. ಕೇಂದ್ರೀಯ ಕಾಯ್ದೆಯ 11ನೇ ಕಲಂನಲ್ಲಿ ಇದು ಉಂಟು, ಕೇರಳದ ವಿಶ್ವವಿದ್ಯಾಲಯ ಕಾಯ್ದೆಗಳಲ್ಲೂ ಉಂಟು. ಪರೀಕ್ಷೆ ಮುಂದೂಡಬೇಕು, ಕೋರ್ಟಿಗೆ ನಾಳೆಯೇ ಅಫಿದವಿತ್ ಕೊಡಬೇಕು, ಅಂಥದ್ದಕ್ಕೆ ಬೇಕಾದ ಅಧಿಕಾರ. ಆದರೆ ಕ್ಯಾಂಟೀನಿನ ಕರಾರು ಯಾವ ತಾರೀಕಿಗೆ ಮುಗಿಯುತ್ತದೆ ಎಂದು ಮೊದಲೇ ಗೊತ್ತಿರುತ್ತದೆ. ಅದು ತುರ್ತು ಆಗುವುದು ಫೈಲು ಎಲ್ಲೋ ತಿಂಗಳುಗಟ್ಟಲೆ ಮಲಗಿದ್ದರಿಂದ. ಕೊನೆಗೆ ಕ್ಯಾಂಪಸ್ ತೆರೆಯಲಿಕ್ಕೆ ಹತ್ತು ದಿನ ಇರುವಾಗ ವಿಸಿಯವರ ಸಹಿ ಆಗುತ್ತದೆ.

ಇನ್ನು ಸಭೆ. ಬೆಳಗ್ಗೆ ಸದಸ್ಯರು ಬಂದು ಕೂತಾಗ ಮೇಜಿನ ಮೇಲೆ ಒಂದು ದಪ್ಪ ಅಜೆಂಡಾ ಇರುತ್ತದೆ. ನೇಮಕಾತಿ, ಬಡ್ತಿ, ಕೋರ್ಟ್ ಕೇಸು, ಪರೀಕ್ಷೆಯ ಗಲಾಟೆ, ಇವೆಲ್ಲ ಮುಂದೆ. ಮಧ್ಯಾಹ್ನದ ಹೊತ್ತಿಗೆ ಒಂದು ಪೂರಕ ಅಜೆಂಡಾ ಹಂಚುತ್ತಾರೆ, ಇನ್ನೂ ಶಾಯಿ ಬಿಸಿಯಿರುವ ಝೆರಾಕ್ಸ್. ಕ್ಯಾಂಟೀನು, ಅಂಗಡಿ ಕೋಣೆ, ಬ್ಯಾಂಕಿನ ಕೌಂಟರು, ಸೆಕ್ಯೂರಿಟಿ ಏಜೆನ್ಸಿ ಎಲ್ಲ ಬರುವುದು ಅದರಲ್ಲಿ. ಆಗ ಕೆಲವರಿಗೆ ರೈಲಿನ ಹೊತ್ತಾಗಿರುತ್ತದೆ. ರಿಜಿಸ್ಟ್ರಾರ್ ಓದುತ್ತಾರೆ, ಅಧ್ಯಕ್ಷರು ತಲೆ ಎತ್ತಿ ನೋಡುತ್ತಾರೆ, ಯಾರೂ ಮಾತಾಡದಿದ್ದರೆ ಮುಂದಿನ ವಿಷಯ. ಪ್ರಾಮಾಣಿಕವಾಗಿ ಕೆಲಸ ಮಾಡುವ ಸದಸ್ಯರನ್ನೂ ನಾನು ನೋಡಿದ್ದೇನೆ. ಆದರೆ ಟೆಂಡರ್ ತೆರೆದು, ಕೆಲಸದ ಆದೇಶ ಕೊಟ್ಟು, ಒಲೆ ಹೊತ್ತಿದ ಮೇಲೆ ವಿಷಯ ಅವರ ಮುಂದೆ ಬಂದರೆ ಅವರು ತೀರ್ಮಾನಿಸಲಿಕ್ಕೆ ಏನು ಉಳಿದಿರುತ್ತದೆ?

ಆದ್ದರಿಂದ ನೀನು ನೋಡಬೇಕಾದ್ದು ಆ ಸಾಲನ್ನಲ್ಲ. ಟೆಂಡರಿನ ಷರತ್ತು ಬರೆದವರು ಯಾರು, ಆ ಷರತ್ತಿಗೆ ಒಪ್ಪಿಗೆ ಕೊಟ್ಟದ್ದು ಯಾವ ಸಮಿತಿ, ಯಾವ ತಾರೀಕಿಗೆ. ಅಸಲಿ ತೀರ್ಮಾನ ಆದದ್ದು ಅಲ್ಲಿ.

ಬೋವಿಕ್ಕಾನದ ಅಕ್ಕ:
ಆಫೀಸರ್ ಸಾರ್ ಹೇಳಿದ್ದು ನೂರಕ್ಕೆ ನೂರು ಸರಿ. ನನ್ನ ನಾದಿನಿ ಇಂಥದ್ದೇ ಒಂದು ಘಟಕದಲ್ಲಿ ಇದ್ದಾಳೆ. ಬೇರೆ ಸಂಸ್ಥೆಯದ್ದು, ಆದರೆ ಕಥೆ ಅದೇ. ಟೆಂಡರ್ ಪುಸ್ತಕವನ್ನು ಪ್ರಿಂಟ್ ತೆಗೆಸಿ ನಮ್ಮ ಮನೆಗೆ ತಂದಳು. ಪೂರ್ತಿ ಇಂಗ್ಲಿಷಿನಲ್ಲಿ. ನಾನು ಕೂತು ಓದಿ ಹೇಳಿದೆ. ಹಿಂದಿನ ಮೂರು ವರ್ಷ ವರ್ಷಕ್ಕೆ ಇಷ್ಟು ಲಕ್ಷದ ವಹಿವಾಟು ಇರಬೇಕು, ಇಂಥ ದೊಡ್ಡ ಸಂಸ್ಥೆಯಲ್ಲಿ ಕ್ಯಾಂಟೀನು ನಡೆಸಿದ ಪ್ರಮಾಣಪತ್ರ ಬೇಕು, ಆಡಿಟ್ ಆದ ಬ್ಯಾಲೆನ್ಸ್ ಶೀಟ್ ಬೇಕು, ಡಿಜಿಟಲ್ ಸಹಿ ಮಾಡಿಸಿ ಆನ್‌ಲೈನಿನಲ್ಲಿ ಹಾಕಬೇಕು. ಅನ್ನ ಬೇಯಿಸಲಿಕ್ಕೆ ಗೊತ್ತುಂಟೋ, ಅಡುಗೆಮನೆ ಶುಚಿ ಉಂಟೋ ಎಂದು ಪರೀಕ್ಷಿಸುವ ಒಂದು ಷರತ್ತೂ ಇರಲಿಲ್ಲ. ಮೂರನೇ ಪುಟಕ್ಕೇ ಅವಳು "ಸಾಕು, ಇಡು ಅತ್ತಿಗೆ" ಎಂದಳು. ಅವರ ಘಟಕದಲ್ಲಿ ಪಾತ್ರೆ ಉಂಟು, ಕೈ ಉಂಟು, ಬ್ಯಾಂಕ್ ಪಾಸ್‌ಬುಕ್ ಉಂಟು. ಬ್ಯಾಲೆನ್ಸ್ ಶೀಟ್ ಎಲ್ಲಿಂದ ತರುವುದು?

1998ರಿಂದ ಈ ರಾಜ್ಯ ಕುಟುಂಬಶ್ರೀಯನ್ನು ಕಟ್ಟಿ ಬೆಳೆಸಿದೆ. 2020ರಲ್ಲಿ 20 ರೂಪಾಯಿ ಊಟದ ಜನಕೀಯ ಹೋಟೆಲುಗಳನ್ನು ಇದೇ ಹೆಂಗಸರು ನಡೆಸಿದರು, ಊರೂರಲ್ಲಿ ಜನ ಉಂಡರು. ಅವರೇ ಒಂದು ಕ್ಯಾಂಪಸ್ಸಿಗೆ ಅರ್ಹರಲ್ಲ ಎಂದು ಷರತ್ತು ಹೇಳುವುದಾದರೆ ಆ ಷರತ್ತನ್ನು ಯಾರಾದರೂ ಪ್ರಶ್ನಿಸಲೇಬೇಕು.

ಉಪನ್ಯಾಸಕಿ, ವಿದ್ಯಾನಗರ:
ನಾನು ಕಲಿಸುವವಳು, ಒಂದು ಖರೀದಿ ಸಮಿತಿಯಲ್ಲೂ ಕೂತವಳು. ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಮೊದಲಿದ್ದವರೇ ಮುಂದುವರಿಯಲಿ ಎಂದು ಟೆಂಡರ್ ಇಲ್ಲದೆ ವರ್ಷ ವರ್ಷ ವಿಸ್ತರಿಸಿದರೆ ಆಡಿಟ್ ಆಕ್ಷೇಪ ಬರುತ್ತದೆ. ಕೇಂದ್ರೀಯ ವಿಶ್ವವಿದ್ಯಾಲಯದ ಲೆಕ್ಕ ನೋಡುವುದು ಸಿಎಜಿ (ದೇಶದ ಮಹಾಲೇಖಪಾಲರು), ಆ ವರದಿ ಸಂಸತ್ತಿಗೆ ಹೋಗುತ್ತದೆ. ರಾಜ್ಯದ ವಿಶ್ವವಿದ್ಯಾಲಯಕ್ಕೆ ರಾಜ್ಯ ಆಡಿಟ್ ಇಲಾಖೆ. "ಪೈಪೋಟಿಗೆ ಅವಕಾಶ ಕೊಡದೆ ಯಾಕೆ ಕೊಟ್ಟಿರಿ" ಎಂಬ ಪ್ರಶ್ನೆಗೆ ಉತ್ತರ ಬರೆಯಬೇಕಾದವರು ಕೆಳಗಿನ ಅಧಿಕಾರಿಗಳು. ಕೆಲವು ಸಲ ನಿವೃತ್ತಿಯ ಹಣವೂ ತಡೆಹಿಡಿಯಲ್ಪಡುತ್ತದೆ. ಹಾಗಾಗಿ ಅವರು ಹೆದರುತ್ತಾರೆ, ಬೇರೆ ಸಂಸ್ಥೆಯ ಟೆಂಡರನ್ನು ತಂದು ಹೆಸರು ಬದಲಿಸಿ ಹಾಕುತ್ತಾರೆ. ವಹಿವಾಟಿನ ಷರತ್ತು ಹಾಗೆಯೇ ಬಂದುಬಿಡುತ್ತದೆ.

ಇನ್ನೊಂದು, ಪರಿಚಯದವರಿಗೆ ಕೊಡುವ ಪದ್ಧತಿ ಇದ್ದಾಗ ಎಲ್ಲವೂ ಚೆನ್ನಾಗಿತ್ತು ಎಂದು ನಾನು ಒಪ್ಪುವುದಿಲ್ಲ. ಪಕ್ಷದವರು, ಯೂನಿಯನ್ನಿನವರು, ಅವರಿವರ ನೆಂಟರು ಕ್ಯಾಂಪಸ್ಸಿನ ಅಂಗಡಿ ಕೋಣೆ ಹಿಡಿದು ಬಿಡದೆ ಕೂತದ್ದನ್ನೂ ನೋಡಿದ್ದೇವೆ. ನೀರಿನ ಟ್ಯಾಂಕು ತೊಳೆಯದೆ ಹುಡುಗರಿಗೆ ಹೊಟ್ಟೆನೋವು ಬಂದಾಗ ಕೇಳಲಿಕ್ಕೆ ಒಂದು ಕರಾರುಪತ್ರವೂ ಇರಲಿಲ್ಲ. ಟೆಂಡರ್ ಬೇಡ ಎನ್ನಬೇಡಿ.

ಬದಿಯಡ್ಕದ ಹೋಟೆಲಿನವ:
ಟೀಚರೇ, ಟೆಂಡರ್ ಬೇಕು. ಆದರೆ ಯಾವುದನ್ನು ಅಳೆಯುವ ಟೆಂಡರು? ನಾನು ಮೂವತ್ತು ವರ್ಷದಿಂದ ಒಲೆ ಮುಂದೆ ಇರುವವ, ಲೆಕ್ಕ ಹೇಳುತ್ತೇನೆ ಕೇಳಿ.

ಕ್ಯಾಂಟೀನಿನ ಟೆಂಡರನ್ನು ಎರಡು ರೀತಿ ಮಾಡಬಹುದು. ಒಂದು, ಕೋಣೆಗೆ ಯಾರು ಹೆಚ್ಚು ಬಾಡಿಗೆ ಕೊಡುತ್ತಾರೋ ಅವರಿಗೆ. ಇನ್ನೊಂದು, ಬಾಡಿಗೆಯನ್ನು ಮೊದಲೇ ಕಮ್ಮಿಯಲ್ಲಿ ನಿಗದಿ ಮಾಡಿ, ಊಟದ ಪಟ್ಟಿ ಕೊಟ್ಟು, ಯಾರು ಕಮ್ಮಿ ದರಕ್ಕೆ ಬಡಿಸುತ್ತಾರೋ ಅವರಿಗೆ. ಎರಡೂ ಟೆಂಡರೇ, ಎರಡೂ ಪೈಪೋಟಿಯೇ.

ಲೆಕ್ಕಕ್ಕೆ ದಿನಕ್ಕೆ 200 ಊಟ, ತಿಂಗಳಿಗೆ 22 ದಿನ ಅಂತ ಇಟ್ಟುಕೊಳ್ಳಿ. 4,400 ಊಟ. ಬಾಡಿಗೆ ತಿಂಗಳಿಗೆ 20,000 ರೂಪಾಯಿ ಕೂಗಿ ಹಿಡಿದವನಿಗೆ ಒಂದು ಊಟದ ಮೇಲೆ ನಾಲ್ಕೂವರೆ ರೂಪಾಯಿ ಬಾಡಿಗೆಗೇ ಹೋಯಿತು. ಏಪ್ರಿಲ್, ಮೇ ರಜೆಯಲ್ಲಿ ಮಕ್ಕಳಿಲ್ಲ, ಬಾಡಿಗೆ ನಿಲ್ಲುವುದಿಲ್ಲ. ಅದನ್ನೂ ಹತ್ತು ತಿಂಗಳ ಊಟಕ್ಕೆ ಹಂಚಿದರೆ ಐದೂವರೆ ರೂಪಾಯಿ ಹತ್ತಿರ. ಅದನ್ನು ಅವನು ಕೈಯಿಂದ ಹಾಕುವುದಿಲ್ಲ. ಅನ್ನದ ಬಟ್ಟಲಿನಿಂದಲೇ ತೆಗೆಯುತ್ತಾನೆ.

ಮತ್ತೆ ಜಿಎಸ್‌ಟಿ. ವರ್ಷಕ್ಕೆ 20 ಲಕ್ಷದೊಳಗಿನ ವಹಿವಾಟಿನ ಸಣ್ಣ ಘಟಕ ನೋಂದಣಿ ಮಾಡಬೇಕಾಗಿಲ್ಲ. ನಾನು ಹೇಳಿದ ಲೆಕ್ಕದಲ್ಲಿ ಊಟಕ್ಕೆ 40 ರೂಪಾಯಿ ಹಿಡಿದರೂ ವರ್ಷಕ್ಕೆ ಹದಿನೇಳೂವರೆ ಲಕ್ಷ ಚಿಲ್ಲರೆ, ಆ ಮಿತಿಯ ಒಳಗೇ. ದೊಡ್ಡ ಕಂಪೆನಿ ಬಂದರೆ 5% ತೆರಿಗೆ ಬಿಲ್ಲಿಗೆ ಸೇರುತ್ತದೆ. ಅಂದರೆ ಇನ್ನೂ ಎರಡು ರೂಪಾಯಿ. ಹಾಸ್ಟೆಲ್ ಮೆಸ್ಸನ್ನು ವಿಶ್ವವಿದ್ಯಾಲಯವೇ ನಡೆಸಿ ತನ್ನ ಮಕ್ಕಳಿಗೆ ಬಡಿಸಿದರೆ ತೆರಿಗೆಯೇ ಇಲ್ಲ, ಗುತ್ತಿಗೆಗೆ ಕೊಟ್ಟರೆ ಉಂಟು. ಹೀಗೆ ಏಳೂವರೆ ರೂಪಾಯಿ ಅಡುಗೆಯವನ ತಪ್ಪಿಲ್ಲದೆ, ಅಕ್ಕಿಯ ದರ ಏರದೆ, ಬರೀ ಷರತ್ತಿನಿಂದ ಏರಿತು.

ವಿಶ್ವವಿದ್ಯಾಲಯಕ್ಕೆ ವರ್ಷಕ್ಕೆ ಎರಡು ಲಕ್ಷದ ನಲವತ್ತು ಸಾವಿರ ಆದಾಯ ಎಂದು ಬಜೆಟ್ಟಿನಲ್ಲಿ ತೋರಿಸುತ್ತಾರೆ. ಆ ದುಡ್ಡು ಮಕ್ಕಳ ಜೇಬಿನಿಂದಲೇ ಬಂದದ್ದು. ಮಂಡಳಿಯವರು ಇದನ್ನು ಗೊತ್ತಿದ್ದು ಆರಿಸಿಕೊಂಡರೋ, ಅವರ ಮುಂದೆ ಈ ಎರಡು ದಾರಿಗಳನ್ನು ಯಾರೂ ಇಡಲೇ ಇಲ್ಲವೋ?

ಪೆರ್ಲದ ವಿದ್ಯಾರ್ಥಿನಿ:
ಅಣ್ಣಾ, ಇದನ್ನು ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ನಮ್ಮಲ್ಲಿ ಹೆಚ್ಚು ಬಾಡಿಗೆಗೇ ಕೊಟ್ಟದ್ದು ಎಂದು ಕ್ಯಾಂಟೀನಿನ ಮೇಲ್ವಿಚಾರಕರೇ ಹೇಳಿದ್ದರು. ದರ ಯಾಕೆ ಏರಿಸಿದಿರಿ ಎಂದು ಕೇಳಿದಾಗ ಅವರು ಕೊಟ್ಟ ಕಾರಣವೂ ಅದೇ.

ಮುಳ್ಳೇರಿಯದ ವಕೀಲ:
ಉಪನ್ಯಾಸಕಿಯವರ ಆಡಿಟ್ ಮಾತಿಗೆ ಒಂದು ಸೇರ್ಪಡೆ. ಆಡಿಟ್ ಕೇಳುವುದು ಕ್ರಮ ಮತ್ತು ಕಾರಣ. ಹೆಚ್ಚು ಬಾಡಿಗೆಗೇ ಕೊಡಿ ಎಂದು ಯಾವ ನಿಯಮವೂ ಕಟ್ಟಿಹಾಕಿಲ್ಲ. ವಿದ್ಯಾರ್ಥಿಗಳ ಊಟ ಕಲ್ಯಾಣದ ಬಾಬ್ತು, ಆದ್ದರಿಂದ ಬಾಡಿಗೆ ಇಷ್ಟಕ್ಕೇ ಸೀಮಿತ, ಪೈಪೋಟಿ ದರ ಮತ್ತು ಗುಣಮಟ್ಟದ ಮೇಲೆ ಎಂದು ಮಂಡಳಿ ಕಾರಣ ಸಹಿತ ನಿರ್ಣಯ ಮಾಡಿದರೆ ಅಧಿಕಾರಿಗಳಿಗೂ ರಕ್ಷಣೆ ಸಿಗುತ್ತದೆ. ಅವರು ಹೆದರುವುದು ಮಂಡಳಿ ಮೌನವಾಗಿರುವುದರಿಂದ.

ಷರತ್ತುಗಳೂ ಕಲ್ಲಿನಲ್ಲಿ ಕೊರೆದವಲ್ಲ. ಕೇಂದ್ರದ ಸಂಸ್ಥೆಗಳಿಗೆ 2017ರ ಸಾಮಾನ್ಯ ಹಣಕಾಸು ನಿಯಮಗಳು ಅನ್ವಯ. ಅದರಲ್ಲಿ ಮುಂಗಡ ಠೇವಣಿ ಅಂದಾಜು ಮೊತ್ತದ 2ರಿಂದ 5% ಎಂದಿದೆ, ಕಿರು ಮತ್ತು ಸಣ್ಣ ಉದ್ಯಮ ಎಂದು ನೋಂದಾಯಿಸಿದವರಿಗೆ ಆ ಠೇವಣಿಯಿಂದ ವಿನಾಯಿತಿ ಇದೆ. ಹಿಂದಿನ ವಹಿವಾಟು, ಅನುಭವದ ಷರತ್ತನ್ನು ಸ್ಟಾರ್ಟಪ್‌ಗಳಿಗೆ ಸಡಿಲಿಸಬಹುದು ಎಂದೂ ಅದೇ ನಿಯಮಗಳು ಹೇಳುತ್ತವೆ. ಗಡಿಯಾಚೆ ಕರ್ನಾಟಕದಲ್ಲಿ ಸರಕಾರಿ ಖರೀದಿಗೆ 1999ರ ಪಾರದರ್ಶಕತೆ ಕಾಯ್ದೆಯೇ ಉಂಟು. ಕೇರಳದ ರಾಜ್ಯ ಸಂಸ್ಥೆಗಳಿಗೆ ಸ್ಟೋರ್ಸ್ ಪರ್ಚೇಸ್ ಮ್ಯಾನ್ಯುವಲ್.

ಈಗ ಕಾಗದ ತೆಗೆಸುವ ದಾರಿ. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಕಲಂ ಓದಿ. ಸಂಸ್ಥೆಯ ಮಂಡಳಿ, ಸಮಿತಿಗಳ ವಿವರ, ಅವುಗಳ ಸಭೆ ಸಾರ್ವಜನಿಕರಿಗೆ ತೆರೆದಿದೆಯೇ, ನಡಾವಳಿ ಸಾರ್ವಜನಿಕರಿಗೆ ಸಿಗುತ್ತದೆಯೇ ಎಂಬುದನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಅದಕ್ಕಿಂತ ಹೆಚ್ಚಿನದಕ್ಕೆ ಅರ್ಜಿ. ಕೇಂದ್ರದ ಸಂಸ್ಥೆಗಾದರೆ 10 ರೂಪಾಯಿಯ ಪೋಸ್ಟಲ್ ಆರ್ಡರ್, ಕೇರಳದ ಸಂಸ್ಥೆಗಾದರೆ 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪ್. 30 ದಿನದೊಳಗೆ ಉತ್ತರ. ವಾಣಿಜ್ಯ ಗುಟ್ಟು ಎಂದು 8(1)(ಡಿ) ಹೇಳಿ ತಳ್ಳಿಹಾಕಲು ನೋಡಬಹುದು. ಸಾರ್ವಜನಿಕ ಹಿತ ದೊಡ್ಡದಿದ್ದರೆ ಕೊಡಬೇಕು ಎಂದು ಅದೇ ಕಲಂನಲ್ಲಿದೆ, ಮೇಲ್ಮನವಿಯಲ್ಲಿ ಅದನ್ನೇ ಎತ್ತಿ ಹಿಡಿಯಿರಿ.

ಹೊಸಂಗಡಿಯವ:
ಅರ್ಜಿ ಕನ್ನಡದಲ್ಲಿ ಕೊಡಬಹುದೇ ವಕೀಲರೇ? ಮಂಜೇಶ್ವರ, ಕಾಸರಗೋಡು ತಾಲೂಕಿನವರಿಗೆ ಆ ಹಕ್ಕು ಇಲ್ಲವೇ?

ಮುಳ್ಳೇರಿಯದ ವಕೀಲ:
ಮಾಹಿತಿ ಹಕ್ಕಿನ ಅರ್ಜಿಯನ್ನು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಕೊಡಬೇಕು ಎಂದು ಕಾಯ್ದೆ ಹೇಳುತ್ತದೆ. ಭಾಷೆಯ ನೆಪದಲ್ಲಿ ಒಂದು ತಿಂಗಳು ಹಾಳಾಗುವುದು ಬೇಡ, ಅದನ್ನು ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಹಾಕಿ. ಆದರೆ ಮನವಿಪತ್ರ ಬೇರೆ. ಅಹವಾಲು ಪರಿಹಾರಕ್ಕೆ ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಕೊಡುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಮನವಿ ಕನ್ನಡದಲ್ಲೇ ಇರಲಿ, ತಲೆ ಎತ್ತಿ ಕೊಡಿ.

ಬೋವಿಕ್ಕಾನದ ಅಕ್ಕ:
ಟೆಂಡರ್ ನೋಟೀಸನ್ನೂ ಕನ್ನಡ, ಮಲಯಾಳದಲ್ಲಿ ಪಂಚಾಯತು ಕಛೇರಿಯಲ್ಲಿ, ಕುಟುಂಬಶ್ರೀಯ ಸಿಡಿಎಸ್ (ಪಂಚಾಯತು ಮಟ್ಟದ ಒಕ್ಕೂಟ) ಕಛೇರಿಯಲ್ಲಿ ಹಾಕಬೇಕು ಎಂದು ಬರೆಯಿರಿ. ಸರಕಾರಿ ಜಾಗದ ತೆಂಗು, ಗೇರಿನ ಫಸಲನ್ನು ಏಲಂ ಹಾಕುವಾಗ ಹೇಗೆ ನಡೆಯುತ್ತದೆ ನೋಡಿದ್ದೀರಲ್ಲ? ಕಛೇರಿಯ ಗೋಡೆಗೆ ಕಾಗದ ಅಂಟಿಸುತ್ತಾರೆ, ಹೇಳಿದ ದಿನ ಎಲ್ಲರೂ ಜಗಲಿಯಲ್ಲಿ ಸೇರುತ್ತಾರೆ, ಯಾರು ಎಷ್ಟು ಕೂಗಿದರು ಎಂದು ಊರಿಗೆಲ್ಲ ಕೇಳುತ್ತದೆ. ನಿರತದ್ರವ್ಯ (ಮುಂಗಡ ಠೇವಣಿ) ಕಟ್ಟಲಾಗದವ ಹಿಂದೆ ಸರಿಯುತ್ತಾನೆ, ಆದರೆ ತನಗೆ ಮೋಸ ಆಯಿತು ಎಂದು ಹೇಳುವುದಿಲ್ಲ. ಅಷ್ಟು ಬೆಳಕಿನಲ್ಲಿ ಕ್ಯಾಂಟೀನಿನದ್ದೂ ನಡೆದಿದ್ದರೆ ನನ್ನ ನಾದಿನಿಗೆ ಇಷ್ಟು ಸಂಕಟ ಇರುತ್ತಿರಲಿಲ್ಲ.

ಉಪನ್ಯಾಸಕಿ, ವಿದ್ಯಾನಗರ:
ಹೋಟೆಲಿನವರ ಲೆಕ್ಕ ನಮ್ಮ ಸಮಿತಿಯಲ್ಲಿ ಒಮ್ಮೆಯೂ ಬಂದಿಲ್ಲ. ಬರಬೇಕಿತ್ತು. ನನ್ನ ಒಂದು ಸಲಹೆ: ಷರತ್ತು ಬರೆಯುವ ಸಮಿತಿಯಲ್ಲಿ ವಿದ್ಯಾರ್ಥಿಗಳು ಇಬ್ಬರಾದರೂ ಇರಬೇಕು, ಅದರಲ್ಲಿ ಒಬ್ಬಳು ಹಾಸ್ಟೆಲಿನವಳು. ಕೇರಳದ ರಾಜ್ಯ ವಿಶ್ವವಿದ್ಯಾಲಯಗಳ ಸೆನೆಟ್ಟಿಗೆ ವಿದ್ಯಾರ್ಥಿಗಳು ಚುನಾಯಿತರಾಗಿ ಹೋಗುತ್ತಾರೆ, ಅಲ್ಲಿ ಪ್ರಶ್ನೆ ಎತ್ತಬಹುದು. ಕೇಂದ್ರೀಯದಲ್ಲಿ ವಿದ್ಯಾರ್ಥಿ ಕೌನ್ಸಿಲಿಗೆ ಕಲ್ಯಾಣದ ವಿಷಯದಲ್ಲಿ ಸಲಹೆ ಕೊಡುವ ಅಧಿಕಾರವಷ್ಟೇ. ಸಲಹೆ ಕೊಟ್ಟರೆ ಅದು ದಾಖಲೆ ಆಗುತ್ತದೆ. ನಮ್ಮ ಜಿಲ್ಲೆಯ ಕಾಲೇಜುಗಳು ಕಲ್ಲಿಕೋಟೆಯ ಕೆಳಗೆ ಇದ್ದವು, ಆಮೇಲೆ ಕಣ್ಣೂರಿನ ಕೆಳಗೆ. 2009ರವರೆಗೆ ವಿಶ್ವವಿದ್ಯಾಲಯದ ಆಡಳಿತ ಕಛೇರಿ ಎಂಬುದೇ ಈ ಜಿಲ್ಲೆಯಲ್ಲಿ ಇರಲಿಲ್ಲ. ತೀರ್ಮಾನ ದೂರದಲ್ಲಿ ಆಗಿ ಸುದ್ದಿ ಮಾತ್ರ ಇಲ್ಲಿಗೆ ಬರುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಆ ಅಭ್ಯಾಸ ಬಿಡಬೇಕು.

ಕುಂಬಳೆಯ ನಿವೃತ್ತ ಸೆಕ್ಷನ್ ಆಫೀಸರ್:
ಮಗಳೇ, ಅರ್ಜಿ ಬರೆಯುವಾಗ "ಕ್ಯಾಂಟೀನಿನ ಎಲ್ಲ ಮಾಹಿತಿ ಕೊಡಿ" ಎಂದು ಬರೆಯಬೇಡ, ಒಂದು ತುಂಡು ಕಾಗದ ಕೊಟ್ಟು ಮುಗಿಸುತ್ತಾರೆ. ಮಿನಿಟ್ಸ್ ಮಾತ್ರ ಕೇಳಿದರೂ ಸಾಲದು. ಆ ವಿಷಯದ ಅಜೆಂಡಾ ಟಿಪ್ಪಣಿ ಕೇಳು, ಕಾರಣ ಇರುವುದು ಅದರಲ್ಲಿ. ಟೆಂಡರ್ ಷರತ್ತಿಗೆ ಒಪ್ಪಿಗೆ ಕೊಟ್ಟ ಸಮಿತಿಯ ನಡಾವಳಿ ತಾರೀಕು ಸಮೇತ ಕೇಳು. ಫೈಲಿನ ನೋಟ್ ಶೀಟ್ (ಅಧಿಕಾರಿಗಳು ಟಿಪ್ಪಣಿ ಬರೆಯುವ ಹಾಳೆ) ಕೇಳು. ವಿಸಿಯವರು ತುರ್ತು ಎಂದು ದಾಖಲಿಸಿದ ಕಾರಣ ಕೇಳು. ಕರಾರಿನ ಪ್ರತಿ ಕೇಳು, ಅದರಲ್ಲಿ ದರ ಏರಿಸುವ ಮೊದಲು ಯಾರ ಒಪ್ಪಿಗೆ ಬೇಕು ಎಂಬ ಕಲಂ ಇರುತ್ತದೆ. ಆ ಒಪ್ಪಿಗೆ ಇಲ್ಲದೆ ಏರಿಸಿದ್ದರೆ ಮುಂದಿನ ವರ್ಷಕ್ಕೆ ಕಾಯಬೇಕಾಗಿಲ್ಲ, ಈಗಲೇ ಇಳಿಸಬಹುದು.

ಮನವಿ ರಿಜಿಸ್ಟ್ರಾರರ ಹೆಸರಿಗೆ ಇರಲಿ. ಕೇಂದ್ರೀಯದಲ್ಲಿ ಅವರೇ ಎಕ್ಸಿಕ್ಯೂಟಿವ್ ಕೌನ್ಸಿಲಿನ ಕಾರ್ಯದರ್ಶಿ. "ಮುಂದಿನ ಸಭೆಯ ಅಜೆಂಡಾದಲ್ಲಿ ಸೇರಿಸಿ ಮಂಡಳಿಯ ಮುಂದಿಡಬೇಕು" ಎಂದು ಸ್ಪಷ್ಟವಾಗಿ ಬರೆ. ಕೊಟ್ಟ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳದೆ ತಪಾಲು ಸೆಕ್ಷನ್ನಿನಿಂದ ಹೊರಗೆ ಬರಬೇಡ.

ಬದಿಯಡ್ಕದ ಹೋಟೆಲಿನವ:
ಕರಾರು ಎಷ್ಟು ಸಮಯದ್ದು? ಹೊತ್ತು ಮುಖ್ಯ. ಜೂನಿಗೆ ಹೊಸಬರು ಬರುವುದಾದರೆ ಷರತ್ತು ಬರೆಯುವುದು ಫೆಬ್ರವರಿ, ಮಾರ್ಚಿನಲ್ಲಿ. ನಿಮ್ಮ ಕಾಗದ ಅದರ ಮೊದಲು ಅಲ್ಲಿ ಇರಬೇಕು.

ಪೆರ್ಲದ ವಿದ್ಯಾರ್ಥಿನಿ:
11 ತಿಂಗಳದ್ದು ಎಂದು ಕೇಳಿದ್ದೇನೆ, ಕರಾರಿನ ಪ್ರತಿ ಸಿಕ್ಕಿದರೆ ಖಚಿತ ಆಗುತ್ತದೆ. ಮಾಹಿತಿ ಹಕ್ಕಿನ ಅರ್ಜಿಯನ್ನು ಈ ವಾರವೇ ಇಂಗ್ಲಿಷಿನಲ್ಲಿ ಹಾಕುತ್ತೇನೆ. ಮನವಿಯ ಕರಡು ಕನ್ನಡದಲ್ಲಿ ಬರೆಯುತ್ತಿದ್ದೇನೆ: ಬಾಡಿಗೆಗೆ ಮಿತಿ ಹಾಕಿ ಊಟದ ದರದ ಮೇಲೆ ಟೆಂಡರ್ ಮಾಡುವುದು, ವಹಿವಾಟಿನ ಷರತ್ತನ್ನು ಸಡಿಲಿಸುವುದು, ಷರತ್ತು ಬರೆಯುವ ಸಮಿತಿಯಲ್ಲಿ ವಿದ್ಯಾರ್ಥಿಗಳು, ಟೆಂಡರ್ ಕರೆಯುವ ಮೊದಲೇ ಮಂಡಳಿಯಲ್ಲಿ ಚರ್ಚೆ. ಗಂಜಿಯ ಮಾತನ್ನೂ ಸೇರಿಸಿದ್ದೇನೆ. ಹೋಟೆಲ್ ಅಣ್ಣ, ನಿಮ್ಮ ಲೆಕ್ಕವನ್ನು ನಮ್ಮ ಕ್ಯಾಂಪಸ್ಸಿನ ಊಟದ ಸಂಖ್ಯೆ ಹಾಕಿ ಒಮ್ಮೆ ನೋಡಿಕೊಡುತ್ತೀರಾ?

ಬದಿಯಡ್ಕದ ಹೋಟೆಲಿನವ:
ಕೊಡುತ್ತೇನೆ. ಒಂದು ವಾರ ದಿನಕ್ಕೆ ಎಷ್ಟು ಊಟ ಹೋಗುತ್ತದೆ ಎಂದು ಎಣಿಸಿ ತನ್ನಿ. ಶನಿವಾರದ್ದು ಬೇರೆಯೇ ಬರೆದುಕೊಳ್ಳಿ.

ಬೋವಿಕ್ಕಾನದ ಅಕ್ಕ:
ಮನವಿಯನ್ನು ಮಲಯಾಳದಲ್ಲೂ ಒಂದು ಮಾಡಿಸು ತಂಗಿ. ಘಟಕದ ಅರ್ಧ ಹೆಂಗಸರಿಗೆ ಓದಲಿಕ್ಕೆ ಬರುವುದು ಅದು ಮಾತ್ರ, ಓದದೆ ಸಹಿ ಹಾಕಲಿಕ್ಕೆ ನಾನು ಬಿಡುವುದಿಲ್ಲ. ಬರೆಯಲಿಕ್ಕೆ ನನ್ನ ಮಗ ಇದ್ದಾನೆ, ಭಾನುವಾರ ಮನೆಗೆ ಬಾ.